ಸಿಮಿಕೋಟಿಗೆ ಹಾರಿದ ನವಣೆ ಗಿರಣಿ

ಬೈಲಹೊಂಗಲ

ನನ್ನ ವರ್ಕ್‌ಶಾಪಿಗೆ ಬರುವ ರೈತರು ಯಂತ್ರ ಕೊಳ್ಳುವ ಮೊದಲು ಅದನ್ನು ಒಮ್ಮೆ ಒದ್ದು ನೋಡುತ್ತಾರೆ. ಯಂತ್ರ ಅಲ್ಲಾಡಿದರೆ ಬೇಡ, ಕಾಲು ನೊಂದರೆ ಬೇಕು. ಇಪ್ಪತ್ತು ವರ್ಷಗಳಿಂದ ನಾನು ಬೈಲಹೊಂಗಲದಲ್ಲಿ ಗಿರಣಿಗಳನ್ನು ಮಾಡುತ್ತಿರುವುದು ಇಂಥ ಕಾಲುಗಳಿಗಾಗಿಯೇ. ರಾಮದುರ್ಗದ ಕಡೆಯ ಗಿರಾಕಿ ಬಂದರೆ ಎರಡು ಪಟ್ಟಿ ಕಬ್ಬಿಣ ಹೆಚ್ಚಿಗೆ ಜಡಿಯುತ್ತೇನೆ. ಅವರು ಎರಡು ಸಲ ಒದೆಯುತ್ತಾರೆ.

ಧಾರವಾಡದಲ್ಲಿ ಸಿರಿಧಾನ್ಯಗಳ ಮೇಳವೊಂದು ನಡೆದಾಗ ನನ್ನ ನವಣೆ ಗಿರಣಿಯನ್ನು ಅಲ್ಲಿಟ್ಟಿದ್ದೆ. ನವಣೆಯ ಗಟ್ಟಿ ಸಿಪ್ಪೆ ಬಿಡಿಸಿ, ಹೊಟ್ಟು ಹಾರಿಸಿ, ಅಕ್ಕಿ ಮಾಡಿಕೊಡುವ ಯಂತ್ರ ಅದು. ನೇಪಾಳದಿಂದ ಮೇಳ ನೋಡಲು ಬಂದಿದ್ದ ಗುಂಪಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಅದರ ಮುಂದೆ ನಿಂತವಳು ಕದಲಲಿಲ್ಲ. ಹೆಸರು ಜೂನಾ. ಹುಮ್ಲಾ ಎಂಬ ಬೆಟ್ಟದ ಜಿಲ್ಲೆಯ ಸಿಮಿಕೋಟ್ ಅವಳ ಊರು. ಅಲ್ಲಿನ ಹೆಂಗಸರ ಸಂಘವೊಂದನ್ನು ಅವಳೇ ನಡೆಸುತ್ತಿದ್ದಳು. ನವಣೆಗೆ ಅವರಲ್ಲಿ ಕಾಗುನೋ ಅನ್ನುತ್ತಾರಂತೆ. ಇವತ್ತಿಗೂ ಒರಳಲ್ಲಿ ಹಾಕಿ ಕುಟ್ಟುತ್ತಾರಂತೆ.

ಅವಳು ಯಂತ್ರವನ್ನು ಒದೆಯಲಿಲ್ಲ. ಇದರ ತೂಕ ಎಷ್ಟು ಎಂದು ಹಿಂದಿಯಲ್ಲಿ ಕೇಳಿದಳು. ನಾನು ಎದೆ ಉಬ್ಬಿಸಿ, ಇನ್ನೂರ ಎಂಬತ್ತು ಕಿಲೋ, ಬಿರುಗಾಳಿ ಬಂದರೂ ಅಲುಗದು ಎಂದೆ. ಅವಳ ಮುಖ ಬಾಡಿತು. ಒಪ್ಪಿದ ವರನಿಗೆ ಮೊದಲೇ ಮದುವೆಯಾಗಿದೆ ಎಂದು ತಿಳಿದವಳ ಹಾಗೆ ಗಿರಣಿಯನ್ನು ನೋಡಿದಳು.

ಆಮೇಲೆ ಬಿಡಿಸಿ ಹೇಳಿದಳು. ಅವರ ಊರಿಗೆ ಲಾರಿ ಬರುವುದಿಲ್ಲ. ರಸ್ತೆ ಅರ್ಧ ಆಗಿದೆ, ಮಳೆಗಾಲದಲ್ಲಿ ಆ ಅರ್ಧವೂ ಹೊಳೆಗೆ ಹೋಗುತ್ತದೆ. ರಸ್ತೆ ಕಡಿಯುವ ಯಂತ್ರವೇ ಬಿಡಿಬಿಡಿಯಾಗಿ ಆಕಾಶದಿಂದ ಇಳಿದಿತ್ತಂತೆ. ಅಕ್ಕಿ, ಉಪ್ಪು, ಮಕ್ಕಳ ನೋಟುಬುಕ್ಕು, ಬಾಗಿಲ ಚಿಲಕ, ಎಲ್ಲವೂ ಬರುವುದು ಹದಿನೈದು ಜನ ಕೂರುವ ಪುಟ್ಟ ವಿಮಾನದಲ್ಲಿ. ನಿಮ್ಮ ಗಿರಣಿ ಬಂದ ದಿನ ನಮ್ಮೂರಿಗೆ ಬೇರೇನೂ ಬರುವುದಿಲ್ಲ ಎಂದಳು.

ನಾನು ಮನೆಗೆ ಬಂದು ಗಿರಣಿಯ ಕಬ್ಬಿಣ ಕಳೆಯಲು ಕೂತೆ. ಯಂತ್ರ ಹಗುರ ಮಾಡುವುದು ನನ್ನಂಥವನಿಗೆ ಕಲಿತ ವಿದ್ಯೆಯನ್ನೆಲ್ಲ ಮರೆಯುವ ಕೆಲಸ. ಆರು ತಿಂಗಳಲ್ಲಿ ಅದು ನೂರಾ ಮೂವತ್ತು ಕಿಲೋಕ್ಕೆ ಇಳಿಯಿತು. ಐದು ಭಾಗ ಮಾಡಿ ಬಿಚ್ಚಬಹುದು, ಜೋಡಿಸಬಹುದು. ಅದೇ ಆರು ತಿಂಗಳು ಡಾಕ್ಟರು ನನಗೂ ತೂಕ ಇಳಿಸಲು ಹೇಳಿದ್ದರು. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ ಎಂದು ಅದನ್ನು ಮುಂದಕ್ಕೆ ಹಾಕಿದ್ದೆ.

ಗಿರಣಿ ಪಾಸು ಮಾಡಬೇಕಾದವಳು ನನ್ನ ಅಕ್ಕ ಗೌರವ್ವ. ಸವದತ್ತಿ ತಾಲ್ಲೂಕಿನ ಹೂಲಿಗೆ ಕೊಟ್ಟ ಹೆಣ್ಣು, ಈಗ ಅರವತ್ತೆರಡು ವರ್ಷ. ಊರೆಲ್ಲ ಹತ್ತಿ, ಗೋವಿನಜೋಳ ಎಂದು ಓಡಿದರೂ ಹೊಲದ ಒಂದು ಪಟ್ಟಿಯಲ್ಲಿ ನವಣೆ ಬಿತ್ತುವುದನ್ನು ಬಿಟ್ಟವಳಲ್ಲ. ಪ್ರತಿ ಗಿರಣಿಯ ಮೊದಲ ಹಿಡಿ ನವಣೆ ಅವಳದು. ಹೊರಬಂದ ಕಾಳನ್ನು ಅಂಗೈಯಲ್ಲಿ ಹರವಿ ಉಫ್ ಎಂದು ಊದುತ್ತಾಳೆ. ಹೊಟ್ಟು ಉಳಿದಿದ್ದರೆ ಗಿರಾಕಿಗಳ ಎದುರೇ ಹೇಳುತ್ತಾಳೆ. ಈ ಸಲ ಊದಿ ನೋಡಿ ತಲೆಯಾಡಿಸಿದವಳು, ತಾನೂ ನೇಪಾಳಕ್ಕೆ ಬರುವೆನೆಂದಳು. ಯಾಕೆಂದು ಕೇಳಿದೆ.

"ಅಲ್ಲಿ ಹೆಣ್ಮಕ್ಕಳು ಇನ್ನೂ ಕುಟ್ಟಾಕತ್ತಾರಂದ್ರ ನಾ ನೋಡಬೇಕು ತಮ್ಮಾ. ನೀ ಮಶಿನ್ ನೋಡಾಕ ಹೋಗು, ನಾ ಅವರ ಕೈ ನೋಡಾಕ ಬರತೇನಿ."

ಸಾಂಬ್ರಾ

ಗಿರಣಿಯ ಐದೂ ಗಂಟುಗಳನ್ನು ಕಿತ್ತೂರಿನ ಹೆದ್ದಾರಿಯಲ್ಲಿ ಲಾರಿ ಹತ್ತಿಸಿ ಮೊದಲೇ ಕಳಿಸಿದ್ದೆ. ಕಿತ್ತೂರಲ್ಲಿ ಅರ್ಧ ತಾಸು ನಿಂತರೆ ಪುಣೆ ಕಡೆ, ಬೆಂಗಳೂರು ಕಡೆ ಹೋಗುವ ಲಾರಿಗಳನ್ನು ಎಣಿಸಲಾಗದೆ ಕಣ್ಣು ಸೋಲುತ್ತದೆ. ಅಲ್ಲಿ ನಿಂತಾಗ ನನಗೆ ಅದೊಂದು ಭಾಗ್ಯ ಎಂದು ಅನ್ನಿಸಿರಲಿಲ್ಲ. ಹೊಗೆ ಎಂದು ಮೂಗಿಗೆ ವಸ್ತ್ರ ಹಿಡಿದಿದ್ದೆ.

ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದಲ್ಲಿ ಮೊದಲ ಅಡ್ಡಿ ಬಂತು. ಅಕ್ಕನ ಕೈಚೀಲದಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಭರಣಿ ಕೆಂಪು ಮೆಣಸಿನಕಾಯಿಯ ರಂಜಕ. ತಪಾಸಣೆಯ ಹುದ್ದೇದಾರ ರಂಜಕದ ಮುಚ್ಚಳ ತೆಗೆದವನೇ ಒಂದು ಗಳಿಗೆ ಕಣ್ಣು ಮುಚ್ಚಿದ. ರಾಮದುರ್ಗದವನಂತೆ. ತನ್ನ ತಾಯಿಯೂ ಹೀಗೇ ಅರೆಯುತ್ತಾಳೆ ಎಂದ. ಆದರೆ ಕಾರ ಒಳಗೆ ಬಿಡುವ ಹಾಗಿಲ್ಲ, ಕಣ್ಣಿಗೆ ಎರಚಿದರೆ ಏನು ಗತಿ ಎಂದ. ಇಷ್ಟು ಕಷ್ಟಪಟ್ಟು ಅರೆದದ್ದನ್ನು ಯಾರಾದರೂ ಕಣ್ಣಿಗೆ ಎರಚುತ್ತಾರೆಯೇ ಎಂದು ಅಕ್ಕ ಕೇಳಿದಳು. ಅವನು ಭರಣಿಯ ಮುಚ್ಚಳ ಮುಚ್ಚಿ ಅವಳ ಕೈಗೇ ಕೊಟ್ಟ.

ಚೆಲ್ಲಲು ಅಕ್ಕ ಒಪ್ಪಲಿಲ್ಲ. ಹೊರಗೆ ಬಂದು, ನಮ್ಮನ್ನು ಬಿಡಲು ಬಂದ ಗಾಡಿಯ ಚಾಲಕನನ್ನೂ ಕೂರಿಸಿಕೊಂಡು, ರೊಟ್ಟಿಯ ಜತೆ ಮೂವರೂ ಎಷ್ಟಾಗುತ್ತದೋ ಅಷ್ಟು ಮುಗಿಸಿದೆವು. ಉಳಿದದ್ದು ಚಾಲಕನ ಪಾಲಾಯಿತು. ದಿಲ್ಲಿ ತಲುಪುವಷ್ಟರಲ್ಲಿ ನಾನು ಏಳು ಸಲ ನೀರು ಕೇಳಿದ್ದೆ. ವಿಮಾನದ ಹುಡುಗಿ ಕೊನೆಗೆ ನನ್ನ ಪಕ್ಕದಲ್ಲೇ ಬಾಟಲಿ ಇಟ್ಟುಹೋದಳು. ಅಕ್ಕ ಕಿಟಕಿಯಿಂದ ಕೆಳಗೆ ನೋಡುತ್ತ, ಹೊಲಗಳ ಬದುಗಳು ಮೇಲಿನಿಂದ ಎಷ್ಟು ನೆಟ್ಟಗೆ ಕಾಣುತ್ತವೆ, ಕೆಳಗಿದ್ದಾಗ ಯಾಕೆ ಅಷ್ಟು ಜಗಳ ಎಂದು ಆಶ್ಚರ್ಯಪಟ್ಟಳು.

ನೇಪಾಲ್‌ಗಂಜ್

ದಿಲ್ಲಿಯಿಂದ ಇನ್ನೊಂದು ವಿಮಾನ ಹಿಡಿದು, ಆಮೇಲೆ ಗಾಡಿಯಲ್ಲಿ ಗಡಿ ದಾಟಿದೆವು. ದಾಟಿದ ಕೂಡಲೇ ಸಿಗುವ ಈ ಬಯಲುಸೀಮೆಯ ಪೇಟೆಯಲ್ಲಿ ನಮ್ಮ ಏಪ್ರಿಲ್‌ಗಿಂತ ಹೆಚ್ಚು ಸೆಖೆ. ಬೆಟ್ಟಕ್ಕೆ ಹಾರುವ ವಿಮಾನಗಳೆಲ್ಲ ಇಲ್ಲಿಂದಲೇ ಏಳುತ್ತವೆ. ಬೆಳಿಗ್ಗೆ ಆರಕ್ಕೇ ನಿಲ್ದಾಣ ಸವದತ್ತಿಯ ಸಂತೆಯ ಹಾಗೆ ತುಂಬಿತ್ತು. ಗಾದಿ, ಸೋಲಾರ್ ಫಲಕ, ನೂಡಲ್ಸ್ ಪೆಟ್ಟಿಗೆ, ಕಕ್ಕಸಿನ ಬೇಸಿನ್ನು, ಬುಟ್ಟಿಯೊಳಗೆ ಎರಡು ಹುಂಜ. ನಮ್ಮಲ್ಲಿ ಬಸ್ಸಿನ ತಲೆಯ ಮೇಲೆ ಏರುವುದೆಲ್ಲ ಇಲ್ಲಿ ವಿಮಾನದ ಹೊಟ್ಟೆಗೆ ಹೋಗುತ್ತದೆ.

ಸಾಮಾನು ಕಳಿಸುವ ವ್ಯವಹಾರ ನೋಡಿಕೊಳ್ಳುವ ಗುಪ್ತಾ ಎಂಬವರು ನಮ್ಮ ಐದೂ ಗಂಟುಗಳನ್ನು ತೂಗಿದರು. ಆಮೇಲೆ ನನ್ನನ್ನೂ ತಕ್ಕಡಿಯ ಮೇಲೆ ನಿಲ್ಲಲು ಹೇಳಿದರು. ತಮಾಷೆ ಎಂದುಕೊಂಡೆ. ಹಿಂದಿನ ಸಾಲು ನೋಡಿದರೆ ಎಲ್ಲರೂ ಚಪ್ಪಲಿ ಸಮೇತ ತೂಗಿಸಿಕೊಳ್ಳಲು ಸಿದ್ಧರಾಗಿ ನಿಂತಿದ್ದರು. ಮೇಲಿನ ನಿಲ್ದಾಣ ಎತ್ತರದಲ್ಲಿದೆ, ಕೆಳಗೆ ಸೆಖೆ ಇದೆ, ಇಂಥ ದಿನ ವಿಮಾನ ಹೆಚ್ಚು ಭಾರ ಹೊರುವುದಿಲ್ಲ. ಅದಕ್ಕೆ ಮೇಷ್ಟರೂ ಒಂದೇ, ಸಿಮೆಂಟಿನ ಚೀಲವೂ ಒಂದೇ, ಹುಂಜವೂ ಒಂದೇ.

ನಾನು ತೊಂಬತ್ತಾರು ಬಂದೆ. ಗುಪ್ತಾ ಅದನ್ನು ಗಟ್ಟಿಯಾಗಿ ಓದಿದರು, ಸಾಲಿನಲ್ಲಿ ಮರುಕದ ಸದ್ದೊಂದು ಹಾದುಹೋಯಿತು. ಅಕ್ಕ ನಲವತ್ನಾಲ್ಕು.

ಕಾಗದದ ಮೇಲೆ ಕೂಡಿಸಿ ಕಳೆದು ಗುಪ್ತಾ ಹೇಳಿದ್ದು ಇಷ್ಟು. ಒಂದೋ ಗಿರಣಿ ಪೂರ್ತಿ ಹೋಗಿ ನಾನು ಉಳಿಯಬೇಕು, ಇಲ್ಲವೇ ನಾನು ಹೋಗಿ ಮೋಟಾರು, ಡ್ರಮ್ಮು ಎರಡೂ ಉಳಿಯಬೇಕು. ಗಿರಣಿ ಮಾಡಿದವನನ್ನೇ ಬಿಟ್ಟು ಗಿರಣಿ ಹೋಗುವುದು ಹೇಗೆ ಎಂದು ನಾನು ವಾದ ಶುರುಮಾಡುವ ಮೊದಲೇ ಅಕ್ಕ ತೀರ್ಮಾನಿಸಿದ್ದಳು.

"ನೀ ಇಲ್ಲೇ ಕುಂದರು. ಮೋಟಾರ್ ಹೋಗಲಿ."

"ಅಲ್ಲಿ ಅದನ್ನ ಜೋಡಸೂರು ಯಾರಬೇ?"

"ನಾಳೆ ನೀ ಬರತಿಯಲ್ಲ. ಬರೂತನಕ ನಾ ಕಾಯತೇನಿ. ಅವರ ಭಾಷಾ ನನಗ ಬರೂದಿಲ್ಲ, ನನ್ನ ಭಾಷಾ ಅವರಿಗೆ ಬರೂದಿಲ್ಲ. ಜಗಳಾ ಆಗೂದಿಲ್ಲ ಬಿಡು."

ಜೀವಮಾನದಲ್ಲಿ ಎರಡೇ ವಿಮಾನ ಹತ್ತಿಳಿದಿದ್ದ ನನ್ನ ಅಕ್ಕ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೂಡಲ್ಸ್ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಕೂತಳು. ವಿಮಾನ ಎದ್ದು ಬೆಟ್ಟದ ಕಡೆ ತಿರುಗಿತು. ನನ್ನ ಜಾಗದಲ್ಲಿ ನನ್ನದೇ ಮೋಟಾರು ಹಾರಿಹೋಯಿತು.

ನೇಪಾಲ್‌ಗಂಜ್, ಮತ್ತೂ ಮೂರು ದಿನ

ಮರುದಿನ ಬೆಟ್ಟಕ್ಕೆ ಮೋಡ ಕವಿದು ವಿಮಾನ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮಳೆಗಾಲ ಮುಗಿಯುತ್ತ ಬಂದಿದ್ದರೂ ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ ಬಾಗಿಲಲ್ಲೇ ನಿಂತಿತ್ತು. ಪ್ರತಿ ಬೆಳಿಗ್ಗೆ ನಾವು ಮೂವತ್ತು ಮಂದಿ ನಿಲ್ದಾಣಕ್ಕೆ ಬಂದು, ಮೋಡ ನೋಡಿ, ಚಹಾ ಕುಡಿದು, ಹತ್ತಕ್ಕೆ ಚದುರುತ್ತಿದ್ದೆವು. ಹತ್ತರ ಮೇಲೆ ಬೆಟ್ಟದಲ್ಲಿ ಗಾಳಿ ಏಳುತ್ತದೆ, ಆಮೇಲೆ ಯಾರೂ ಹಾರುವುದಿಲ್ಲ.

ಅಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಧನಬಹಾದುರ್. ಸಿಮಿಕೋಟಿನ ದೊಡ್ಡ ಅಂಗಡಿಯವನು. ಎಲ್ಲರೂ ಅವನನ್ನು ಸಾಹು ಎನ್ನುತ್ತಾರೆ, ನಮ್ಮಲ್ಲಿ ಸಾವಕಾರ ಎಂದ ಹಾಗೆ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ನನ್ನ ಹಿಂದಿಯಲ್ಲಿ ಅರ್ಧ ಮರಾಠಿ. ಅವನು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಸಾಹು ಸಿಟ್ಟಿನಲ್ಲಿದ್ದ. ನನ್ನನ್ನು ಬೆಟ್ಟಕ್ಕೆ ಯಾತ್ರೆ ಹೊರಟವನೆಂದು ತಿಳಿದು ಎಲ್ಲ ಹೇಳಿಕೊಂಡ. ಅವನ ಉಪ್ಪು, ಸಕ್ಕರೆ, ಅಕ್ಕಿ ಎಲ್ಲ ಗೋದಾಮಿನಲ್ಲಿ ಕೂತಿದ್ದವು. ಮೊನ್ನೆಯ ವಿಮಾನದಲ್ಲಿ ಹೋಗಬೇಕಿದ್ದ ಮಾಲಿನ ಜಾಗವನ್ನು ಒಂದು ಕಬ್ಬಿಣದ ಯಂತ್ರ ನುಂಗಿತಂತೆ. ಸಂಘದ ಆ ಜೂನಾ ಹಟ ಹಿಡಿದು ಜಾಗ ಕೊಡಿಸಿದಳಂತೆ. ಈಗ ಮೋಡ ಕವಿದಿದೆ, ಮೇಲೆ ಉಪ್ಪು ಮುಗಿಯುತ್ತ ಬಂದಿದೆ.

"ಇಂಡಿಯಾದಾಗ ಯಾವನೋ ಒಬ್ಬ ಹುಚ್ಚ ಇದ್ದಾನಂತ. ಅವನು ಮಾಡ್ಯಾನ. ಬೆಟ್ಟಕ್ಕ ಕಬ್ಬಿಣ ಕಳಸ್ತಾನಂದ್ರ ಅವನ ತಲಿ ಎಷ್ಟರ ಮಟ್ಟಿಗೆ ಐತಿ ನೀವs ಹೇಳ್ರಿ" ಎಂದ.

ಇಂಥ ಹೊತ್ತಿನಲ್ಲಿ ಸತ್ಯ ಹೇಳಲು ಮನುಷ್ಯ ನನಗಿಂತ ಹಗುರಾಗಿರಬೇಕು. ನಾನು ತಲೆದೂಗಿದೆ. ಅವನು ಉತ್ತೇಜಿತನಾಗಿ ಇನ್ನೆರಡು ಮಾತು ಬೈದ. ಅದಕ್ಕೂ ತಲೆದೂಗಿದೆ. ಮೂರನೆಯ ದಿನದ ಹೊತ್ತಿಗೆ ಬೈಗುಳ ನಾನೇ ಹುಡುಕಿ ಕೊಡುತ್ತಿದ್ದೆ. ನನ್ನ ಬಗ್ಗೆ ನನಗೆ ಗೊತ್ತಿದ್ದಷ್ಟು ಅವನಿಗೆ ಗೊತ್ತಿರಲಿಲ್ಲವಲ್ಲ. ಅವನು ಮೆಚ್ಚಿ ನನಗೆ ಚಹಾ ಕುಡಿಸಿದ.

ಆದರೆ ಬೈಗುಳದ ನಡುವೆ ಅವನು ಹೇಳಿದ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಅವನ ಅಜ್ಜನ ಕಾಲದಲ್ಲಿ ಸಿಮಿಕೋಟಿನವರು ತಿನ್ನುತ್ತಿದ್ದದ್ದು ಕಾಗುನೋ, ಬಾರ್ಲಿ. ವಿಮಾನ ಬಂತು, ವಿಮಾನದಲ್ಲಿ ಬಿಳಿ ಅಕ್ಕಿ ಬಂತು. ಕುಟ್ಟುವ ಕಷ್ಟವಿಲ್ಲ, ತೊಳೆದು ಒಲೆಗೆ ಇಟ್ಟರಾಯಿತು. ಬರಬರುತ್ತ ನೆಂಟರಿಗೆ ಕಾಗುನೋ ಬಡಿಸುವುದೇ ಅವಮಾನ ಎನ್ನಿಸಿತು. ಈಗ ಊರು ಅಕ್ಕಿಗಾಗಿ ಆಕಾಶ ನೋಡುತ್ತದೆ, ಮೋಡ ಬಂದರೆ ಪಾತ್ರೆ ನೋಡುತ್ತದೆ. ಏರುವ ವಿಮಾನದಲ್ಲಿ ಜಾಗಕ್ಕೆ ಜಗಳ. ಇಳಿಯುವ ವಿಮಾನದಲ್ಲಿ ರೋಗಿಗಳು, ಪರೀಕ್ಷೆಗೆ ಹೋಗುವವರು, ಖಾಲಿ ಗ್ಯಾಸ್ ಸಿಲಿಂಡರು, ಉಳಿದಂತೆ ಬರೀ ಗಾಳಿ.

"ಕಳಸಾಕ ನಮ್ಮ ಕಡೆ ಏನೈತಿ?" ಎಂದು ಅವನು ಕೈ ಬಿಚ್ಚಿ ತೋರಿಸಿದ.

ನನಗೆ ನಮ್ಮ ಕಡೆಯ ಊರುಗಳು ನೆನಪಾದವು. ನಾನು ಸಣ್ಣವನಿದ್ದಾಗ ರಾಮದುರ್ಗದ ಸೋದರಮಾವನ ಮನೆಯಲ್ಲಿ ದಿನಾ ನವಣೆ ಅನ್ನ. ಹಬ್ಬಕ್ಕೆ ಮಾತ್ರ ಅಕ್ಕಿ. ಈಗ ಆ ಮನೆಯ ಮಕ್ಕಳಿಗೆ ನವಣೆ ಕಾಳು ತೋರಿಸಿದರೆ ಗುಬ್ಬಿಗೆ ಹಾಕುವುದೇ ಎಂದು ಕೇಳುತ್ತಾರೆ. ನಮ್ಮಲ್ಲಿ ಅಕ್ಕಿ ವಿಮಾನದಲ್ಲಿ ಬರಲಿಲ್ಲ, ಲಾರಿಯಲ್ಲಿ ಬಂತು. ಆದದ್ದು ಒಂದೇ.

ಸಾಹುವಿನ ಸಿಟ್ಟಿನಲ್ಲಿ ಉಪ್ಪು ಅರ್ಧ, ಅಕ್ಕಿ ಅರ್ಧ ಇತ್ತು ಎಂದು ಆಗ ಹೊಳೆಯಿತು. ನನ್ನ ಗಿರಣಿ ತಿರುಗಿದರೆ ಅವನ ಅಂಗಡಿಯ ಅಕ್ಕಿ ಯಾರು ಕೇಳುತ್ತಾರೆ?

ಅಕ್ಕನ ಜತೆ ಒಂದೇ ಸಲ ಫೋನು ಸಿಕ್ಕಿತು, ಜೂನಾಳ ಮೊಬೈಲಿನಿಂದ. ನಾನು ಕಂಗಾಲಾಗಿ ಕ್ಷೇಮ ಕೇಳಿದರೆ ಅವಳ ದನಿ ಹೂಲಿಯ ಕಟ್ಟೆಯ ಮೇಲೆ ಕೂತಷ್ಟು ನಿರಾಳವಾಗಿತ್ತು. "ನೀ ಆರಾಮ ಬಾ. ಅವಸರ ಏನಿಲ್ಲ" ಎಂದಳು. ಗಿರಣಿಯ ಮಾತೇ ಎತ್ತಲಿಲ್ಲ. ಈ ಉತ್ತರದಿಂದ ನನಗೆ ನೆಮ್ಮದಿಗಿಂತ ಸಂಶಯವೇ ಹೆಚ್ಚಾಯಿತು.

ಆಕಾಶದಲ್ಲಿ ಐವತ್ತು ನಿಮಿಷ

ನಾಲ್ಕನೆಯ ಬೆಳಿಗ್ಗೆ ಮೋಡ ಸರಿಯಿತು. ಗುಪ್ತಾ ನನ್ನನ್ನು ಮತ್ತೆ ತೂಗಿದರು. ಕಾಯುವ ದಿನಗಳಲ್ಲಿ ಅರ್ಧ ಕಿಲೋ ಏರಿದ್ದೆ, ಸಾಹು ಕುಡಿಸಿದ ಚಹಾದ ಜತೆ ಬಿಸ್ಕತ್ತೂ ಇತ್ತು. ಸಾಹುವಿಗೂ ಜಾಗ ಸಿಕ್ಕಿತು, ಅವನ ಉಪ್ಪೂ ಏರಿತು. ಆದರೆ ಮೊಟ್ಟೆಯ ಒಂದು ಹಲಗೆ ಹೆಚ್ಚಾಯಿತು. ಮಡಿಲಲ್ಲಿ ಇಟ್ಟುಕೊಂಡರೆ ಯಾರೂ ಏನೂ ಅನ್ನುವುದಿಲ್ಲ, ನಿಮ್ಮ ಮಡಿಲು ದೊಡ್ಡದು ಎಂದು ಸಾಹು ಮೂವತ್ತು ಮೊಟ್ಟೆಗಳನ್ನು ನನ್ನ ತೊಡೆಯ ಮೇಲಿಟ್ಟ. ಮೂರು ದಿನ ಅವನನ್ನು ಮೋಸಗೊಳಿಸಿದ ಪಾಪಕ್ಕೆ ಇದು ಸಣ್ಣ ಪ್ರಾಯಶ್ಚಿತ್ತ ಎಂದು ಒಪ್ಪಿಕೊಂಡೆ.

ವಿಮಾನ ಬೆಟ್ಟಗಳ ಮೇಲೆ ಹಾರುತ್ತದೆ ಎಂದುಕೊಂಡಿದ್ದೆ. ಇದು ಬೆಟ್ಟಗಳ ನಡುವೆ ಹಾರುತ್ತದೆ. ಎಡಗಡೆ ಕಿಟಕಿಯಲ್ಲಿ ಮರಗಳ ಎಲೆ ಕಾಣುತ್ತಿತ್ತು, ಬಲಗಡೆ ಕಿಟಕಿಯಲ್ಲಿ ಯಾರದೋ ಅಂಗಳದಲ್ಲಿ ಒಣಹಾಕಿದ ಕಂಬಳಿ. ಸಾಹು ನಿದ್ದೆ ಹೋದ. ಮುಂದಿನ ಬುಟ್ಟಿಯಲ್ಲಿದ್ದ ಹುಂಜ ಒಮ್ಮೆ ಕೂಗಿತು. ನನಗೆ ಮೊಟ್ಟೆಗಳದ್ದೇ ಚಿಂತೆ. ಎದುರಿಗೆ ಹಿಮದ ಸಾಲು ಬೆಳಗುತ್ತಿದ್ದರೂ ನಾನು ಹಲಗೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಹಿಮಾಲಯದಲ್ಲಿ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಮೊಟ್ಟೆ ನೋಡಿದೆ ಎನ್ನಬೇಕು.

ಇಳಿಯುವಾಗ ಮಾತ್ರ ತಲೆ ಎತ್ತಿದೆ. ತಪ್ಪು ಮಾಡಿದೆ. ಬೆಟ್ಟದ ಭುಜದ ಮೇಲೆ ಒಂದು ಸಣ್ಣ ಪಟ್ಟಿ, ಅದರ ತುದಿಗೆ ಇನ್ನೊಂದು ಬೆಟ್ಟ. ವಿಮಾನ ಅದರ ಕಡೆಗೆ ನೇರ ನುಗ್ಗಿತು. ನಾನು ಕೈಗೆ ಸಿಕ್ಕದ್ದನ್ನು ಎದೆಗೆ ಅವಚಿಕೊಂಡೆ.

ಒಂಬತ್ತು ಒಡೆದವು.

ಸಿಮಿಕೋಟ್

ಈ ಊರಿಗೆ ವಿಮಾನದ ಪಟ್ಟಿಯೇ ಹೆದ್ದಾರಿ, ಪೇಟೆ, ಕಟ್ಟೆ ಎಲ್ಲ. ವಿಮಾನ ಬಂದ ಸದ್ದಿಗೆ ಅರ್ಧ ಊರು ಬೇಲಿಯ ಹತ್ತಿರ ಬಂದು ನಿಂತಿತ್ತು. ಏನು ಬಂತು, ಯಾರು ಬಂದರು, ಯಾರದ್ದು ಬರಲಿಲ್ಲ ಎಂದು ನೋಡುವುದಕ್ಕೆ. ನಾನು ಇಳಿದೆ. ಅಂಗಿಯ ಮೇಲೆ ಹಳದಿ ಹರಿಯುತ್ತಿತ್ತು. ಹಿಂದೆ ಸಾಹು ಉಳಿದ ಮೊಟ್ಟೆಗಳನ್ನು ಎಣಿಸುತ್ತ ಬರುತ್ತಿದ್ದ. ಬೇಲಿಯ ಆಚೆಯಿಂದ ಜೂನಾ ಕೈ ಬೀಸಿ, ಇಡೀ ಊರಿಗೆ ಕೇಳುವ ಹಾಗೆ, ಗಿರಣಿ ಮಾಡಿದ ದಾಜು ಬಂದರು ಎಂದಳು. ದಾಜು ಎಂದರೆ ಅಣ್ಣ.

ಸಾಹು ನಿಂತ. ನನ್ನನ್ನು ನೋಡಿದ. ಮೂರು ದಿನಗಳಲ್ಲಿ ನಾನು ಒದಗಿಸಿದ ಬೈಗುಳಗಳನ್ನೆಲ್ಲ ಅವನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿರುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಹಲಗೆ ಹಿಡಿದು ಹೋಗಿಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಎಲ್ಲಿ ಎಂದೆ. ಗಿರಣಿಯ ಹತ್ತಿರ ಎಂದಳು ಜೂನಾ. ಜೋಡಿಸುವ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ಏದುಸಿರು ಬಿಡುತ್ತ ಏರಿದೆ. ಆ ಎತ್ತರದಲ್ಲಿ ನನ್ನ ತೊಂಬತ್ತಾರೂವರೆ ಕಿಲೋದಲ್ಲಿ ಒಂದೊಂದು ಕಿಲೋವೂ ತನ್ನ ಹೆಸರು ಹೇಳಿ ಹಾಜರಿ ಹಾಕುತ್ತಿತ್ತು.

ಒಂದು ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಮೊದಲು ಕಂಡದ್ದು ನನ್ನ ಫ್ಯಾನು. ಹೊಟ್ಟು ಹಾರಿಸಲೆಂದು ನಾನು ಹಗಲಿರುಳು ಕೂತು ಮಾಡಿದ, ಇಪ್ಪತ್ತೆರಡು ಕಿಲೋ ತೂಗುವ ಫ್ಯಾನು. ಅದರ ದುಂಡನೆಯ ಗೂಡಿನೊಳಗೆ ಹುಲ್ಲು ಹಾಸಿತ್ತು. ಹುಲ್ಲಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಗುರ್ ಎಂದಿತು.

ಉಳಿದ ಗಿರಣಿ ಅದರ ಆಚೆ, ಬಯಲ ಕಣದಲ್ಲಿ ಪೂರ್ತಿ ಜೋಡಿಸಿ ನಿಂತಿತ್ತು. ಪಕ್ಕದಲ್ಲಿ ಅಕ್ಕ ಆರೆಂಟು ಹೆಂಗಸರ ನಡುವೆ ಕೂತು, ಒಬ್ಬಳ ಅಂಗೈ ಹಿಡಿದು ಅದರ ಮೇಲಿನ ದಡ್ಡು ಸವರುತ್ತಿದ್ದಳು.

ಸಿಮಿಕೋಟ್, ಮಧ್ಯಾಹ್ನದ ಗಾಳಿ

ನಡೆದದ್ದು ಹೀಗೆ. ಅಕ್ಕ ಬಂದ ಮರುದಿನ ಜೂನಾಳ ಮುಖ ಸಪ್ಪಗಿತ್ತಂತೆ. ಊರಲ್ಲಿ ಗುಸುಗುಸು ಎದ್ದಿತ್ತು. ಉಪ್ಪಿನ ಜಾಗದಲ್ಲಿ ಕಬ್ಬಿಣ ತರಿಸಿದಳು, ಯಂತ್ರ ಮಾಡಿದವನು ಬರಲೇ ಇಲ್ಲ ಎಂದು. ಈ ಸಲ ಗಿರಣಿ ತಿರುಗದಿದ್ದರೆ ಮುಂದೆ ಸಂಘದ ಹೆಸರಿನಲ್ಲಿ ವಿಮಾನದಲ್ಲಿ ಒಂದು ಚೀಲಕ್ಕೂ ಜಾಗ ಸಿಗುವುದಿಲ್ಲ, ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಜೂನಾ ಅಕ್ಕನ ಮುಂದೆ ಕೂತು ಹೇಳಿಕೊಂಡಳಂತೆ. ಯಾವ ಭಾಷೆಯಲ್ಲಿ ಹೇಳಿದಳು, ಅಕ್ಕನಿಗೆ ಹೇಗೆ ತಿಳಿಯಿತು ಎಂದು ಕೇಳಿದೆ.

"ಅಳಾಕತ್ತಿದ್ಲು. ಅದಕ್ಕ ಭಾಷಾ ಬೇಕೇನು?" ಎಂದಳು ಅಕ್ಕ.

ನನ್ನ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಕೂತು ತಪ್ಪು ಹುಡುಕಿದವಳು ಗಿರಣಿ ಜೋಡಿಸುವುದನ್ನು ನೋಡಿಯೇ ಕಲಿತಿದ್ದಳು. ಅವಳು ಬೆರಳು ತೋರಿಸಿದಳು, ಹೆಂಗಸರು ಬೋಲ್ಟು ತಿರುಗಿಸಿದರು. ಗುಂಡಿ ಒತ್ತಿದರೆ ಗಿರಣಿ ನರಳಿತು. ಹೊಳೆಯ ನೀರಿನಿಂದ ಬರುವ ಅವರ ಕರೆಂಟು ಬಲು ಸಣ್ಣದು. ಡ್ರಮ್ಮು, ಫ್ಯಾನು ಎರಡನ್ನೂ ತಿರುಗಿಸುವ ತ್ರಾಣ ಮೋಟಾರಿಗೆ ಸಿಗಲಿಲ್ಲ. ಕಾಳು ಅರೆಬರೆ ಸುಲಿದು, ಹೊಟ್ಟಿನ ಜತೆ ಕಲಸಿ ಬಿತ್ತು. ನೋಡಲು ಬಂದಿದ್ದ ಗಂಡಸರು ನಕ್ಕು ಹೋದರು.

ಅಂದು ಮಧ್ಯಾಹ್ನ ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಯೋಚನೆ ಮಾಡುತ್ತ ಕೂತಿದ್ದಾಗ ಗಾಳಿ ಎದ್ದಿತು. ವಿಮಾನಗಳನ್ನು ಹತ್ತು ಗಂಟೆಯ ಮೇಲೆ ಬರಗೊಡದ ಅದೇ ಗಾಳಿ. ಅವಳ ಸೆರಗನ್ನು ತಲೆಯ ಮೇಲಿಂದ ಕಿತ್ತು ಹಾರಿಸಿತು. ಅಕ್ಕ ಎದ್ದು ಫ್ಯಾನಿನ ಬೆಲ್ಟು ಕಿತ್ತಳು, ಫ್ಯಾನನ್ನೇ ಬಿಚ್ಚಿ ಬದಿಗಿಡಿಸಿದಳು. ಗಿರಣಿಯನ್ನು ಹೊರಿಸಿ ಕಣದ ಅಂಚಿಗೆ ತರಿಸಿದಳು. ಫ್ಯಾನಿನ ಭಾರ ಕಳೆದದ್ದೇ ಮೋಟಾರು ಹಗುರಾಗಿ ತಿರುಗಿತು, ಡ್ರಮ್ಮು ಸಿಪ್ಪೆ ಬಿಡಿಸಿತು. ಕೆಳಗೆ ಸುರಿಯುವ ಧಾರೆಯ ಹೊಟ್ಟನ್ನು ಗಾಳಿ ಹೊತ್ತು ಕಣಿವೆಗೆ ಎಸೆಯಿತು, ಕಾಳು ಮಾತ್ರ ಕಂಬಳಿಯ ಮೇಲೆ ಗುಡ್ಡೆಯಾಯಿತು. ಅಕ್ಕ ಅಂಗೈಯಲ್ಲಿ ಹಿಡಿದು ಊದಿದಳು. ಹಾರಲು ಏನೂ ಉಳಿದಿರಲಿಲ್ಲ.

"ಎಂಟು ಬೋಲ್ಟ್ ಉಳಿದಾವ ನೋಡು" ಎಂದು ನನ್ನ ಕೈಗಿಟ್ಟಳು. "ಊರಿಗೆ ಒಯ್ಯಿ."

ಆರು ತಿಂಗಳು ಕೂತು ಕಬ್ಬಿಣ ಕಳೆದ ನನಗೆ, ಕಳೆಯಬೇಕಾದ ದೊಡ್ಡ ತುಂಡು ಯಾವುದೆಂದು ಹೊಳೆದಿರಲಿಲ್ಲ. ನಾನು ಗಾಳಿಯನ್ನು ಕಬ್ಬಿಣದಲ್ಲಿ ಮಾಡಿ, ವಿಮಾನದಲ್ಲಿ ಹೇರಿ, ಗಾಳಿಯ ಊರಿಗೇ ಕಳಿಸಿದ್ದೆ.

ಸುದ್ದಿ ತಿಳಿದು ಸಾಹು ಬಂದ. ನನ್ನ ಕಡೆ ನೋಡಲಿಲ್ಲ. ನೇರವಾಗಿ ಫ್ಯಾನಿನ ಹತ್ತಿರ ಹೋಗಿ, ಇದರ ತೂಕವೆಷ್ಟು ಎಂದು ಜೂನಾಳನ್ನು ಕೇಳಿದ. ಉತ್ತರ ಕೇಳಿ, ಆಮೇಲೆ ನನ್ನ ಕಡೆ ತಿರುಗಿದ.

"ಇಪ್ಪತ್ತೆರಡು ಉಪ್ಪಿನ ಪಾಕೀಟು ಬಿಡಿಸಿ ಕೋಳಿಗೆ ಮನಿ ಕಟ್ಟಿಸಿ ಕೊಟ್ರಿ" ಎಂದ. ನಾನು ಮೊದಲಿನ ಅಭ್ಯಾಸದಿಂದ ತಲೆದೂಗಿದೆ. ಅವನಿಗೆ ನಗು ತಡೆಯಲಾಗಲಿಲ್ಲ. ನನಗೂ.

ಆದರೂ ಅವನು ಸುಮ್ಮನೆ ಬಂದಿರಲಿಲ್ಲ. ಅವನ ಶಾಲಿನ ಕೆಳಗೆ ಒಂದು ಚೀಲ ಕಾಗುನೋ ಇತ್ತು. ಯಂತ್ರದ ದೋಷ ಹಿಡಿಯಲು ತಂದೆ ಎಂದ. ಸುಲಿದದ್ದನ್ನು ಹೊತ್ತು ಹೋದ. ಮರುದಿನ ಇನ್ನೆರಡು ಚೀಲ ತಂದ, ಒಂದು ಸಲಕ್ಕೆ ದೋಷ ಸಿಗಲಿಲ್ಲವಂತೆ. ಅವನ ಮುದಿ ತಾಯಿ ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು ಎಂದು ಜೂನಾಳ ಕಿವಿಗೆ ಬಿತ್ತು. ಅವನ ಬಾಯಿಂದ ಬರಲಿಲ್ಲ.

ನಮಗೆ ಉಣ್ಣಲು ಜೂನಾಳ ಮನೆಯಲ್ಲಿ ಮೊದಲು ತೆಗೆದಿಟ್ಟಿದ್ದು ವಿಮಾನದ ಬಿಳಿ ಅಕ್ಕಿ. ದೂರದಿಂದ ಬಂದವರಿಗೆ ಕಾಗುನೋ ಬಡಿಸಲು ಅವಳಿಗೆ ನಾಚಿಕೆ. ಅಕ್ಕ ಅಕ್ಕಿಯ ಡಬ್ಬಿಯ ಮುಚ್ಚಳ ತಾನೇ ಮುಚ್ಚಿದಳು. ಒಲೆಯ ಮುಂದೆ ಕೂತು ನವಣೆ ಅನ್ನ ಮಾಡಿ, ಮೇಲೆ ಶೇಂಗಾ ಹಿಂಡಿ ಉದುರಿಸಿ ಎಲ್ಲರಿಗೂ ಬಡಿಸಿದಳು. ಜೂನಾಳ ಅತ್ತೆ ಎರಡನೆಯ ಸಲ ತಟ್ಟೆ ಮುಂದೆ ಮಾಡಿದರು.

ನಾವು ಹೊರಡುವ ಹಿಂದಿನ ದಿನ ಸಾಹು ವ್ಯಾಪಾರದ ಮಾತಿಗೆ ಇಳಿದ. ಕೆಳಗಿನ ಪೇಟೆಯಲ್ಲಿ, ಕಾಠ್ಮಂಡುವಿನಲ್ಲಿ ಈಗ ಇಂಥ ಕಾಳು ಕೇಳುವವರು ಹುಟ್ಟಿಕೊಂಡಿದ್ದಾರೆ, ಇಳಿಯುವ ವಿಮಾನ ಹೇಗೂ ಖಾಲಿ, ಸಂಘದ ಕಾಳನ್ನೆಲ್ಲ ತಾನೇ ಕಳಿಸುವೆ ಎಂದ. ಜೂನಾ ತಕ್ಷಣ ಒಪ್ಪಲಿಲ್ಲ. ಅವನನ್ನು ಅರ್ಧ ದಿನ ಕೂರಿಸಿ ಚಹಾ ಕುಡಿಸಿದಳು. ಊರಿನವರ ಮನೆಗೆ ಬೇಕಾದಷ್ಟು ಉಳಿದ ಮೇಲೆ ಮಾತ್ರ ಕೆಳಗೆ ಹೋಗುತ್ತದೆ ಎಂದಳು. ಆಮೇಲೆ ತನ್ನ ಮಾತು ಇಟ್ಟಳು. ಅಕ್ಕನಿಗಾಗಿ ಅದನ್ನು ನಾನು ಕನ್ನಡಕ್ಕೆ ತಂದೆ:

"ಇಳಿಯೂ ವಿಮಾನದಾಗ ನಮ್ಮ ಕಾಳು ನಿಮಗ. ಏರೂ ವಿಮಾನದಾಗ ನಿಮ್ಮ ಜಾಗಾದಾಗ ಕಾಲುಭಾಗ ನಮಗ."

ಸಾಹು ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಅಕ್ಕ ನನ್ನನ್ನು ತಿವಿದು, ಈ ಹೆಣ್ಣುಮಗಳನ್ನು ಬೈಲಹೊಂಗಲದ ಹತ್ತಿ ಮಾರುಕಟ್ಟೆಯಲ್ಲಿ ಒಂದು ದಿನ ಕೂರಿಸಬೇಕು ಎಂದು ಪಿಸುಗುಟ್ಟಿದಳು. ಸಾಹು ಒಪ್ಪಿದ.

ಇಳಿಯುವ ವಿಮಾನ

ಮರುದಿನ ಬೆಳಿಗ್ಗೆ ಪಟ್ಟಿಯ ಪಕ್ಕದ ಕೋಣೆಯಲ್ಲಿ ಗುಮಾಸ್ತನೊಬ್ಬ ಇಳಿಯುವ ಸಾಮಾನಿನ ಚೀಟಿ ಬರೆಯುತ್ತಿದ್ದ. ಖಾಲಿ ಸಿಲಿಂಡರು ಹನ್ನೊಂದು ಎಂದು ಬರೆದು ಮುಗಿಸಿದವನು ನಾಲ್ಕು ಹೊಸ ಚೀಲಗಳನ್ನು ನೋಡಿ ಪೆನ್ನು ಎತ್ತಿ ಹಿಡಿದ. ಊರಿನ ಹೊಲದ ಕಾಳು ಕೆಳಗೆ ಹೋದದ್ದನ್ನು ಅವನು ಕಂಡಿರಲಿಲ್ಲ. ಚೀಲದ ಬಾಯಿ ಬಿಚ್ಚಿ ನೋಡಿದ. ಸುಲಿದು ಹೊಳೆಯುವ ಹಳದಿ ಕಾಳು ಅವನಿಗೆ ಒರಳಿನ ಕಾಗುನೋ ಎಂದು ಗುರುತೇ ಸಿಗಲಿಲ್ಲ. ಜೂನಾ ಹೊರಗೆ ಚೀಲ ಹೊಲಿಸುತ್ತಿದ್ದಳು. ಇದೇನು ಎಂದು ಎದುರಿಗಿದ್ದ ಅಕ್ಕನನ್ನೇ ಕೇಳಿದ. ಪ್ರಶ್ನೆ ಅಕ್ಕನಿಗೆ ಹೇಗೋ ತಿಳಿಯಿತು.

"ನವಣಿ" ಎಂದಳು. ಅವನು ಪೆನ್ನು ಆಡಿಸದಿದ್ದಾಗ ಇನ್ನೊಮ್ಮೆ ಬಿಡಿಸಿ ಹೇಳಿದಳು. "ನ, ವ, ಣಿ. ಬರಿ."

ಅವನು ಬರೆದ. ನಾಲ್ಕೂ ಚೀಲಗಳಿಗೆ ಅದೇ ಹೆಸರಿನ ಚೀಟಿ ಅಂಟಿಸಿದ. ನಮ್ಮ ಹಿಂದಿನ ಸೀಟುಗಳಲ್ಲಿ ಆ ಚೀಲಗಳನ್ನು ಬೆಲ್ಟು ಕಟ್ಟಿ ಕೂರಿಸಿದರು. ಆ ದಿನ ಯಾರೂ ನನ್ನನ್ನು ತೂಗಲಿಲ್ಲ.

ಹೂಲಿ

ಇದೆಲ್ಲ ಆಗಿ ಈಗ ಒಂದು ಸುಗ್ಗಿ ಕಳೆದಿದೆ. ಫ್ಯಾನಿಲ್ಲದ ಇನ್ನೂ ಎರಡು ಗಿರಣಿ ಹುಮ್ಲಾಕ್ಕೆ ಹೋಗಿವೆ. ರಾಮದುರ್ಗದ ಗಿರಾಕಿಯೊಬ್ಬರು ಆ ಹಗುರ ಗಿರಣಿಯನ್ನು ಒದ್ದು, ಅದು ಒಂದು ಮಾರು ಹಿಂದಕ್ಕೆ ಸರಿದದ್ದನ್ನು ಕಂಡು, ನನ್ನ ಆರೋಗ್ಯ ಸರಿಯಿದೆಯೇ ಎಂದು ವಿಚಾರಿಸಿದರು.

ಹೋದ ವಾರ ಜೂನಾಳ ಫೋನು ಬಂದಾಗ ನಾನು ಹೂಲಿಯಲ್ಲಿದ್ದೆ. ಅಕ್ಕ ಹೊಲದ ಬದುವಿನ ಮೇಲೆ ಕೂತು ಕಳೆ ಕೀಳುತ್ತಿದ್ದಳು. ಜೂನಾ ನಗುತ್ತ ಹೇಳಿದ ಸುದ್ದಿ ಇದು. ನೇಪಾಲ್‌ಗಂಜಿನ ಪೇಟೆಯಲ್ಲಿ ಈಗ ಗಿರಾಕಿಗಳು ಕಾಗುನೋ ಎಂದು ಕೇಳುವುದಿಲ್ಲವಂತೆ. ನವಣಿ ಕೊಡಿ ಎನ್ನುತ್ತಾರಂತೆ. ಅದೇನು ಹೆಸರು ಎಂದು ಯಾರಾದರೂ ಕೇಳಿದರೆ, ಅದು ಹಿಮಾಲಯದ ಬಹಳ ಹಳೆಯ ಹೆಸರು, ಸಿಮಿಕೋಟಿನ ಹೊರತು ಬೇರೆಲ್ಲೂ ಈ ಕಾಳು ಬೆಳೆಯುವುದೇ ಇಲ್ಲ ಎಂದು ಸಾಹು ಕಣ್ಣು ಮಿಟುಕಿಸದೆ ಹೇಳುತ್ತಾನಂತೆ.

ಇದು ಸುಳ್ಳಲ್ಲವೇ, ಅವನಿಗೆ ಫೋನು ಮಾಡಿ ತಿಳಿಸಲೇ ಎಂದು ಅಕ್ಕನನ್ನು ಕೇಳಿದೆ. ಅವಳು ಸುತ್ತಲಿನ ಹೊಲಗಳನ್ನು ಒಮ್ಮೆ ನೋಡಿದಳು. ಕಣ್ಣು ಹಾಯುವ ತನಕ ಹತ್ತಿ, ಗೋವಿನಜೋಳ.

"ಹೇಳ್ಕೊಳ್ಳಲಿ ಬಿಡು" ಎಂದಳು. "ಹೂಲ್ಯಾಗ ಅದರ ಹೆಸರು ತಗೊಳ್ಳೂರು ನಾ ಒಬ್ಬಾಕಿ. ಅಲ್ಲಿ ಪ್ಯಾಟೀನs ತಗೋತೈತಿ."